ವಿಭೂತಿ ಹಚ್ಚಿದ ಕಾರ್ಡು

ನಾನು ಸಂಶಯದ ಮನುಷ್ಯ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿಲ್ಲ, ನನ್ನ ಹೆಂಡತಿ ಬೀದರಿನ ಅರ್ಧ ಊರಿಗೆ ಆಗಲೇ ಹೇಳಿದ್ದಾಳೆ. ಕಲ್ಲಂಗಡಿ ಹಣ್ಣನ್ನು ನಾಲ್ಕೂ ಕಡೆ ಬಡಿದು ನೋಡಿ, ಆಮೇಲೆ ಮಾರುವವನ ಮುಖವನ್ನೂ ನೋಡುತ್ತೇನೆ. ಬಸ್ಸಿನ ಬೋರ್ಡು ಓದಿ, ಕಂಡಕ್ಟರನನ್ನು ಕೇಳಿ, ಕೂತ ಮೇಲೆ ಪಕ್ಕದವರನ್ನೂ ಒಮ್ಮೆ ಕೇಳುತ್ತೇನೆ. "ನಿಮ್ಮ ಶಕ್ಕಿಗಿ ಔಷಧ ಇಲ್ರಿ," ಅನ್ನುತ್ತಾಳೆ. ಇಲ್ಲದಿದ್ದರೆ ಬೇಡ ಬಿಡಿ. ಇಷ್ಟು ವರ್ಷ ಮನೆಗೆ ರೊಟ್ಟಿ ತಂದದ್ದು ಆ ಶಕ್ಕೇ. ಬೀದರಿನಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಟಿವಿ, ಮಿಕ್ಸರು ಮುಟ್ಟುವುದಿಲ್ಲ. ಮಷಿನುಗಳ ಹೊಟ್ಟೆಯೊಳಗೆ ಕೂತಿರುವ ಸಣ್ಣ ಕಂಪ್ಯೂಟರುಗಳು ನನ್ನ ಕಸುಬು: ಲಾರಿ ತೂಗುವ ಕಾಟಾ, ಹಾಲಿನ ಕೊಬ್ಬು ಅಳೆಯುವ ಯಂತ್ರ, ಬೇಳೆ ಮಿಲ್ಲಿನ ಸಾರ್ಟರು. ಕೆಟ್ಟ ಮಷಿನ್ ಮುಂದೆ ನಿಂತು ಯಾರನ್ನೇ ಕೇಳಿ, "ನಾವೇನೂ ಮುಟ್ಟೇ ಇಲ್ರಿ" ಅಂತಲೇ ಅನ್ನುತ್ತಾರೆ. ಯಾರೋ ಒಬ್ಬರು ಮುಟ್ಟಿಯೇ ಇರುತ್ತಾರೆ.

ಭಾಲ್ಕಿಯ ಬೇಳೆ ಮಿಲ್ಲಿನ ಸಾಹುಕಾರರು ಫೋನ್ ಮಾಡಿದಾಗ ತೊಗರಿ ಸುಗ್ಗಿ ಜೋರಾಗಿತ್ತು. "ಜರಾ ಬಂದು ಹೋಗ್ರಿ, ಸಾಹೇಬ್ರ," ಅಂದರು. ಮಷಿನ್ ಕೆಟ್ಟಿದೆಯೇ ಅಂತ ಕೇಳಿದೆ.

"ಮಷಿನ್ ಅಲ್ರಿ, ಮಂದಿ ಕೆಟ್ಟಾರ. ಫೋನಿನಾಗ ಹೇಳೋ ಮಾತಲ್ಲ."

ನನ್ನ ಕಿವಿ ನೆಟ್ಟಗಾಯಿತು. ಲ್ಯಾಪ್‌ಟಾಪು, ಸ್ಕ್ರೂಡ್ರೈವರು ಚೀಲಕ್ಕೆ ತುಂಬಿಕೊಂಡು ಮರುದಿನ ಮುಂಜಾನೆಯೇ ಭಾಲ್ಕಿ ಬಸ್ಸು ಹತ್ತಿದೆ.

ಸಾಹುಕಾರರು ನನ್ನನ್ನು ಆಫೀಸಿನೊಳಗೆ ಕೂಡಿಸಿ, ಬಾಗಿಲು ಎಳೆದುಕೊಂಡು, ದನಿ ಇಳಿಸಿದರು. ಅವರ ದೂರು ಸಾರ್ಟರು ನಡೆಸುವ ಹೆಣ್ಣುಮಗಳ ಮೇಲೆ. ಸಾರ್ಟರು ಅಂದರೆ ಬೇಳೆ ಆರಿಸುವ ಮಷಿನ್. ಮೇಲಿನಿಂದ ಬೇಳೆ ತೆಳ್ಳಗೆ ಸುರಿಯುತ್ತದೆ, ಒಳಗಿನ ಕ್ಯಾಮೆರಾ ಒಂದೊಂದೇ ಕಾಳನ್ನು ನೋಡುತ್ತದೆ, ಕಪ್ಪಗಿನದು ಕಂಡರೆ ಗಾಳಿಯ ಪಿಚಕಾರಿ ಫಟ್ ಅಂತ ಆಚೆ ತಳ್ಳುತ್ತದೆ. ಎಷ್ಟು ಕಪ್ಪಾದರೆ ಕಪ್ಪು ಅನ್ನುವುದನ್ನು ಮಾತ್ರ ಮನುಷ್ಯರೇ ಹೇಳಿಕೊಡಬೇಕು. ಅದಕ್ಕೇ ಸೆಟ್ಟಿಂಗ್ ಅನ್ನುವುದು. ಬಿಗಿಯಾದರೆ ಒಳ್ಳೆಯ ಬೇಳೆಯೂ ಕಸಕ್ಕೆ ಹೋಗುತ್ತದೆ, ಸಡಿಲಾದರೆ ಕಪ್ಪು ಕಾಳು ಚೀಲಕ್ಕೆ ಬೀಳುತ್ತದೆ. ಈ ಹೆಣ್ಣುಮಗಳು ಅದನ್ನು ಚೆನ್ನಾಗಿ ಬಲ್ಲವಳು. ಔರಾದ ತಾಲೂಕಿನ ಡಾಬಕಾದವಳು, ಮನೆಯಲ್ಲಿ ಮರಾಠಿ, ಮಿಲ್ಲಿನಲ್ಲಿ ಕನ್ನಡ. ಭಾಲ್ಕಿಯಲ್ಲಿ ಕೋಣೆ ಹಿಡಿದು, ಮಗಳನ್ನು ಇಲ್ಲೇ ಕಾಲೇಜಿಗೆ ಹಚ್ಚಿದ್ದಳು. ಮಷಿನ್ ಬಂದ ದಿನದಿಂದ ಅದರ ಮುಂದೆ ಕೂತವಳು ಅವಳೇ.

"ಈ ಸುಗ್ಗಿ ಹಿಡದು ದಿನಾ ಮುಂಜಾನಿ ಸೆಟ್ಟಿಂಗ್ ಬ್ಯಾರೇನೇ ಇರ್ತಾವ್ರಿ," ಅಂದರು ಸಾಹುಕಾರರು. "ಕೇಳಿದ್ರ, ತಾನಾಗೇ ಬದಲಾಗ್ಯಾವ ಅಂತಾಳ. ತಾನಾಗೇ ಹ್ಯಾಂಗ ಬದಲಾಗ್ತಾವ? ಗಡಿಯಾಚೆ ಕಳಿಸಿದ ಒಂದು ಲಾರಿ ಮಾಲ್ ವಾಪಸ್ ಬಂತು. ಬ್ಯಾಳ್ಯಾಗ ಎಲ್ಲಾ ಕರೀ ಕಾಳು."

"ಆ ಮಾಲ್ ತಗದಾಗ ಮಷಿನ್ ಮ್ಯಾಲ ಆಕೀನೇ ಇದ್ದಳೇನ್ರಿ?"

"ಇಲ್ರಿ, ಊರಿಗಿ ಹೋಗಿದ್ದಳು. ಅದೇ ನೋಡ್ರಿ ಶಾಣ್ಯಾತನ! ತಾ ಇರಬಾರದು, ಮಾಲ್ ಕೆಡಬೇಕು. ಕೆಡಿಸಿಟ್ಟೇ ಹೋಗ್ಯಾಳ."

ನನಗಿಂತ ಮೇಲಿನ ಸಂಶಯಸ್ಥರನ್ನು ನಾನು ಅವತ್ತೇ ಕಂಡದ್ದು. ಅವರ ಲೆಕ್ಕ ಹೀಗಿತ್ತು: ಔರಾದದ ಮಿಲ್ಲಿನವರು ಇಂಥದೇ ಮಷಿನ್ ತಂದಿದ್ದಾರೆ, ಅವಳದು ಅದೇ ಕಡೆಯ ಊರು, ಇಲ್ಲಿಯ ಒಳ್ಳೆಯ ಸೆಟ್ಟಿಂಗ್ ಅಲ್ಲಿಗೆ ಹೋಗುತ್ತಿದೆ, ಇಲ್ಲಿಯದನ್ನು ಅವಳೇ ಕೆಡಿಸುತ್ತಿದ್ದಾಳೆ. "ಅಮಾಸಿ ಆಗಲಿ, ಆಕೀಗಿ ಕಳಸ್ತೇನಿ. ಸುಮ್ಮ ಕಳಸಂಗಿಲ್ಲ, ಎಲ್ಲಾ ಮಿಲ್ಲಿನವರಿಗೂ ಹೇಳೇ ಕಳಸ್ತೇನಿ. ಅದಕ್ಕೇ ನನಗ ಸಬೂತ್ ಬೇಕು, ಪಕ್ಕಾ ಸಾಕ್ಷಿ. ನೀವು ತಗದು ಕೊಡ್ರಿ." ಅಂದರೆ ಅವಳ ಹೊಟ್ಟೆಪಾಡಿಗಷ್ಟೇ ಅಲ್ಲ, ಹೆಸರಿಗೇ ಕಲ್ಲು ಬೀಳುವ ಮಾತು. ಕಳ್ಳಿ ಅನ್ನಿಸಿಕೊಂಡವಳನ್ನು ಭಾಲ್ಕಿಯಲ್ಲಾಗಲಿ ಔರಾದದಲ್ಲಾಗಲಿ ಯಾವ ಮಿಲ್ಲೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

"ರಾತ್ರಿ ಯಾರಾದ್ರೂ ಮಷಿನ್ ಮುಟ್ಟತಾರೇನ್ರಿ?" ಅಂತ ಕೇಳಿದೆ.

"ಹ್ಯಾಂಗ ಮುಟ್ಟತಾರ? ಅದರ ಜೀವಾನೇ ನನ್ನ ಬಲ್ಲಿ ಇರ್ತದಲ್ಲ," ಅಂದು ಸಾಹುಕಾರರು ಎದೆಯ ಜೇಬು ತಟ್ಟಿಕೊಂಡರು.

ಜೀವ ಅಂದರೆ ಕಾರ್ಡು. ಆ ಮಷಿನಿಗೆ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಇಲ್ಲ, ಅದರ ಬದಲು ಬೆಂಕಿಪೊಟ್ಟಣದಷ್ಟು ಅಗಲದ, ಅದಕ್ಕಿಂತ ತೆಳ್ಳಗಿನ ಒಂದು ಮೆಮೊರಿ ಕಾರ್ಡು. ಒಂದು ಅಂಚಿಗೆ ಸಾಲಾಗಿ ಸೂಜಿಮೊನೆಯಂಥ ತೂತುಗಳು. ಹಿಂದೆ ಲಗ್ನದ ಫೋಟೋ ತೆಗೆಯುವವರ ದೊಡ್ಡ ಕ್ಯಾಮೆರಾಗಳಲ್ಲಿ ಇಂಥವೇ ಇರುತ್ತಿದ್ದವು. ಮಷಿನ್ ಮಾಡಿದವರ ಲೆಕ್ಕದಲ್ಲಿ ಅದು ಒಳಗೇ ಇರಬೇಕಾದದ್ದು. ಆದರೆ ಅದನ್ನು ಎಳೆದರೆ ಕೈಗೆ ಬರುತ್ತದೆ ಅನ್ನುವುದು ಸಾಹುಕಾರರಿಗೆ ಹೇಗೋ ಗೊತ್ತಾಗಿಬಿಟ್ಟಿತ್ತು. ಅವರ ಅಪ್ಪ ಅಡತಿ ಅಂಗಡಿ ಮುಚ್ಚುವಾಗ, ರಾತ್ರಿ ಯಾರಾದರೂ ಉಜ್ಜಿ ಸವೆಸಿಯಾರು ಅಂತ, ತೂಕದ ಕಲ್ಲುಗಳನ್ನು ಗಂಟು ಕಟ್ಟಿ ಮನೆಗೆ ಒಯ್ಯುತ್ತಿದ್ದರಂತೆ. ಮಗ ಕಾರ್ಡು ಒಯ್ಯುತ್ತಿದ್ದರು. ಸಂಜೆ ಮಷಿನ್ ಬಂದಾದ ಕೂಡಲೇ ಕಿತ್ತುಕೊಂಡು ಹೋಗುವುದು, ಮುಂಜಾನೆ ತಂದು ಸಿಕ್ಕಿಸುವುದು.

"ಮನ್ಯಾಗ ಜಗಲಿ ಮ್ಯಾಲ ಇಡ್ತೇನಿ. ವಿಭೂತಿ ಹಚ್ಚತೇನಿ. ಸೋಮವಾರಕ್ಕೊಮ್ಮಿ ತೀರ್ಥಾನೂ ಸಿಂಪಡಸ್ತೇನಿ," ಅಂದರು. ನಮ್ಮ ಕಡೆ ಮನೆಯಲ್ಲಿ ದೇವರನ್ನಿಡುವ ಕಟ್ಟೆಗೆ ಜಗಲಿ ಅನ್ನುತ್ತಾರೆ. ಕೇಳಿ ನನಗೆ ಮೈ ಪರಚಿಕೊಳ್ಳುವಂತಾಯಿತು. ಆದರೂ ದೇವರ ವಿಷಯ, ಬಾಯಿ ಮುಚ್ಚಿಕೊಂಡೆ.

ಮಿಲ್ಲಿನೊಳಗೆ ಹೋದೆ. ಅವಳು ಮಷಿನಿನ ಪರದೆಯ ಮುಂದೆ ನಿಂತು ಫೋನಿನಲ್ಲಿ ಅದರ ಫೋಟೋ ತೆಗೆಯುತ್ತಿದ್ದಳು! ನನ್ನನ್ನು ಕಂಡದ್ದೇ ತಡ, ಫೋನನ್ನು ಸೆರಗಿನೊಳಗೆ ಸೇರಿಸಿದಳು. ಅಬ್ಬಾ, ಸಿಕ್ಕಿತು ಸಬೂತು ಅಂದುಕೊಂಡೆ.

"ಏನವ್ವಾ, ಫೋಟೋ ಯಾಕ?"

"ಸುಮ್ಮ ರೀ."

"ಸುಮ್ಮ ಯಾರೂ ಮಷಿನಿನ ಫೋಟೋ ತಗಿಯಂಗಿಲ್ಲವ್ವಾ."

"ನೀವು ರಿಪೇರಿ ಮಾಡ್ಲಿಕ್ಕಿ ಬಂದೀರೋ, ಪೊಲೀಸ್ ಕೆಲಸಕ್ಕ ಬಂದೀರೋ?" ಅಂದು ನನ್ನ ಚೀಲವನ್ನು ಮೇಲಿಂದ ಕೆಳಗೆ ನೋಡಿದಳು. ಬಾಯಿ ಜೋರಿತ್ತು. ಬಾಯಿ ಜೋರಿರುವವರ ಮೇಲೆ ನನಗೆ ಅರ್ಧ ಸಂಶಯ ಹೆಚ್ಚು. ಬಾಯಿ ಸಣ್ಣದಿರುವವರ ಮೇಲೆ ಇನ್ನರ್ಧ.

ಮಷಿನ್ ಬಂದ್ ಮಾಡಿಸಿ ಕಾರ್ಡು ಹೊರಗೆಳೆದು ಬೆಳಕಿಗೆ ಹಿಡಿದೆ. ಕಾರ್ಡಿನ ಮೇಲೆ ವಿಭೂತಿಯ ಒಂದು ಕಣವೂ ಇರಲಿಲ್ಲ. ವರ್ಷಗಟ್ಟಲೆ ದಿನಾ ವಿಭೂತಿ ಹಚ್ಚಿಸಿಕೊಂಡ ವಸ್ತು ಹೀಗೆ ಇರಲು ಸಾಧ್ಯವೇ? ಬೆನ್ನಿಗೆ ಅರ್ಧ ಹರಿದ ಒಂದು ಚೀಟಿ ಅಂಟಿತ್ತು, ಸ್ಕೆಚ್ ಪೆನ್ನಿನಲ್ಲಿ 'ಲಗ್ನ' ಅಂತ ಬರೆದದ್ದು ಇನ್ನೂ ಕಾಣುತ್ತಿತ್ತು. ಇದು ಮಷಿನಿನ ಜೊತೆ ಬಂದ ಕಾರ್ಡೇ ಅಲ್ಲ. ಯಾರೋ ಅಸಲಿಯನ್ನು ಹಾರಿಸಿ ನಕಲಿ ಇಟ್ಟಿದ್ದಾರೆ. ಯಾರು? ದಿನವಿಡೀ ಮಷಿನಿನ ಮುಂದೆ ಇರುವವಳು ಅವಳೊಬ್ಬಳೇ. ಕಾರ್ಡು ಮತ್ತೆ ಸಿಕ್ಕಿಸಿ, ಲ್ಯಾಪ್‌ಟಾಪು ಜೋಡಿಸಿ ಒಳಗೂ ಒಮ್ಮೆ ಇಣುಕಿದೆ, 'ಸಿ' ಅನ್ನುವ ಒಂದೇ ಡ್ರೈವ್ ಕಂಡಿತು, ಅದರ ಮೇಲೆ ಮಾತ್ರ ನನಗೆ ಸಂಶಯ ಬರಲಿಲ್ಲ.

ಆದರೆ ಸಾಹುಕಾರರಿಗೆ ಹೇಳಲಿಲ್ಲ. ಅವಸರಕ್ಕೆ ಬಾಯಿ ಬಿಡುವವನಲ್ಲ ನಾನು, ಮತ್ತೆ ಹೇಳಿಸಿಕೊಳ್ಳುವವರ ಮೇಲೂ ನನಗೆ ಒಂದು ಕಣ್ಣು ಇದ್ದೇ ಇರುತ್ತದೆ. ಸಂಜೆ ಗೇಟಿನಲ್ಲಿ ಸಾಹುಕಾರರೇ ನಿಂತು ಅವಳ ಕೈಚೀಲ ತೆರೆಸಿ ನೋಡಿದರು. ಊಟದ ಡಬ್ಬಿ ಎತ್ತಿ, ಕೆಳಗೆ ಕೈಯಾಡಿಸಿ, ಮತ್ತೆ ಇಟ್ಟರು. ಲಾರಿ ವಾಪಸ್ ಬಂದಂದಿನಿಂದ ಇದು ಶುರುವಾಗಿತ್ತಂತೆ. ಬೇರೆ ಕೆಲಸದವರೆಲ್ಲ ಪಕ್ಕದಿಂದ ಹಾದು ಹೋಗುತ್ತಿದ್ದರು, ಯಾರ ಚೀಲವನ್ನೂ ನೋಡುತ್ತಿರಲಿಲ್ಲ. ಅವಳು ಎಲ್ಲಿಯೋ ದೂರ ನೋಡುತ್ತ ನಿಂತಿದ್ದಳು.

ಮರುದಿನ ಔರಾದಕ್ಕೆ ಹೋದೆ. ಕದ್ದ ಕಾರ್ಡು ಅಲ್ಲಿಯ ಮಿಲ್ಲಿನ ಮಷಿನಿನಲ್ಲೇ ಇರಬೇಕು, ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಅದು ನನಗಾಗಿ ಕಾಯುತ್ತಿದೆ ಅನ್ನುವಷ್ಟು ಖಾತ್ರಿ ನನಗೆ. ಸರ್ವಿಸಿನ ನೆಪ ಹೇಳಿ ಮಷಿನಿನ ಹಿಂದಿನ ಮುಚ್ಚಳ ಬಿಚ್ಚಿದೆ. ಇದ್ದದ್ದು ಕಂಪನಿಯಿಂದ ಬಂದ ಕಾರ್ಡೇ. ಮೇಲೆ ಒಂದು ಗೀರೂ ಇಲ್ಲ, ತಂದಾಗಿನಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಮುಖ ಸಪ್ಪಗಾಯಿತು.

ಅಲ್ಲಿಯ ಮಾಲೀಕರು ಚಹಾ ಕೊಡುತ್ತ ತಾವಾಗಿಯೇ ಅಂದರು: "ಭಾಲ್ಕ್ಯಾಗ ಒಬ್ಬಾಕಿ ನಮ್ಮ ಕಡೀಯಾಕಿ ಅದಾಳಲ್ರಿ, ಆಕೀಗಿ ನಾವ್ ಕರದಿದ್ದೇವು. ಬರಂಗಿಲ್ಲ ಅಂದಳು. ಮಷಿನ್ ಕಲಿಸಿದ ಮಿಲ್ ಬಿಟ್ಟು ಬರಂಗಿಲ್ಲ ಅಂತ."

"ಖರೇ ಹೇಳ್ತೀರಿ?" ಅಂತ ನನ್ನ ಬಾಯಿಂದ ಬಂದೇ ಬಿಟ್ಟಿತು.

"ಅಲ್ರಿ, ಸುಳ್ಳ್ಯಾಕ ಹೇಳ್ಲಿ? ನನಗೇನು ಫಾಯದಾ?" ಅಂದು ಅವರು ಮುಖ ಗಂಟಿಕ್ಕಿದರು.

ಸರ್ವಿಸ್ ಅಂತ ಹೇಳಿದ ಮೇಲೆ ಏನಾದರೂ ಮಾಡಬೇಕಲ್ಲ, ಲ್ಯಾಪ್‌ಟಾಪು ಜೋಡಿಸಿ ಮಷಿನಿನ ಒಳಗೆ ಕಣ್ಣಾಡಿಸಿದೆ. ಅಲ್ಲಿ 'ಸಿ' ಇತ್ತು, 'ಡಿ' ಇತ್ತು. ಭಾಲ್ಕಿಯಲ್ಲಿ ನಾನು ನೋಡಿದ್ದು 'ಸಿ' ಒಂದೇ! ಚಹಾದ ಕಪ್ಪು ಕೈಯಲ್ಲೇ ಉಳಿಯಿತು. ಕಾರ್ಡು ಒಂದೇ ಆದರೂ ಮಾಡಿದವರು ಅದನ್ನು ಎರಡು ಭಾಗ ಮಾಡಿರುತ್ತಾರೆ. 'ಸಿ'ಯಲ್ಲಿ ಮಷಿನನ್ನು ಎಬ್ಬಿಸುವ ಪ್ರೋಗ್ರಾಮು, 'ಡಿ'ಯಲ್ಲಿ ನಾವು ಹೇಳಿಕೊಟ್ಟ ಸೆಟ್ಟಿಂಗ್. 'ಡಿ' ಕಾಣದಿದ್ದರೆ ಮಷಿನ್ ಗಲಾಟೆ ಮಾಡುವುದಿಲ್ಲ. ಹುಟ್ಟಿದಾಗಿನ ಸೆಟ್ಟಿಂಗಿನಲ್ಲೇ ಏಳುತ್ತದೆ, ಹೇಳಿಕೊಟ್ಟದ್ದನ್ನು ಕರೆಂಟು ಇರುವ ತನಕ ನೆನಪಿಟ್ಟು, ಬಂದಾದ ಕೂಡಲೇ ಮರೆಯುತ್ತದೆ. ಅವಳಿದ್ದ ದಿನ ಮುಂಜಾನೆ ಮತ್ತೆ ಹೇಳಿಕೊಡುತ್ತಾಳೆ, ಅವಳು ಊರಿಗೆ ಹೋದ ದಿನ ಹೇಳಿಕೊಡುವವರೇ ಇಲ್ಲ, ಲಾರಿ ಮಾಲು ಕೆಟ್ಟದ್ದು ಹಾಗೆ.

ಹಾಗಾದರೆ 'ಡಿ' ಯಾಕೆ ಕಾಣುತ್ತಿಲ್ಲ? ಅದಕ್ಕೆ ಉತ್ತರ ನನ್ನ ಕಸುಬಿನಲ್ಲೇ ಇದೆ, ನೆನಪಾಗಲು ಇಷ್ಟು ಹೊತ್ತು ಬೇಕಾಯಿತಲ್ಲ ಅಂತ ನನ್ನ ಮೇಲೆಯೇ ಸಿಟ್ಟು ಬಂತು. ಮಷಿನ್ ಏಳುವಾಗ ಕಾರ್ಡನ್ನು ಒಂದು ಮಾತು ಕೇಳುತ್ತದೆ: ನೀನು ಇಲ್ಲೇ ಇರುವ ಡಿಸ್ಕೋ, ಕಿತ್ತುಕೊಂಡು ಹೋಗುವಂಥದೋ? ಕಂಪನಿಯ ಕಾರ್ಡು, ನಾನು ಇಲ್ಲೇ ಇರುವವನು ಅನ್ನುತ್ತದೆ. ಕ್ಯಾಮೆರಾದ ಕಾರ್ಡು, ನಾನು ಬಂದು ಹೋಗುವವನು ಅನ್ನುತ್ತದೆ. ಬಂದು ಹೋಗುವವರ ಬಳಿ ಎರಡು ಚೀಲ ಇದ್ದರೆ ಒಂದನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವ ಮನೆಯವರ ಹಾಗೆ, ಮಷಿನ್ ಮೊದಲ ಭಾಗವನ್ನಷ್ಟೇ ನೋಡುತ್ತದೆ. ಅಸಲಿಯಿಂದ ಅಚ್ಚು ಹೊಡೆದ ಹಾಗೆ ನಕಲು ಮಾಡಿದರೂ ಈ ಉತ್ತರ ಮಾತ್ರ ನಕಲಾಗುವುದಿಲ್ಲ.

ಹಾಗಿದ್ದರೆ ಕಾರ್ಡು ಬದಲಾದದ್ದೇ ರೋಗ. ಬದಲಾಯಿಸಿದವರು ಯಾರು ಅನ್ನುವುದೊಂದೇ ಉಳಿದದ್ದು. ದಿನಾ ರಾತ್ರಿ ಕಾರ್ಡು ಇರುತ್ತಿದ್ದದ್ದು ಯಾರ ಜೇಬಿನಲ್ಲಿ? ಭಾಲ್ಕಿಗೆ ಮರಳುವ ಬಸ್ಸಿನಲ್ಲಿ ನನ್ನ ಸಂಶಯ ಮೊದಲ ಬಾರಿಗೆ ದಿಕ್ಕು ಬದಲಿಸಿತು.

ಮಿಲ್ಲಿನಲ್ಲಿ ಸಾಹುಕಾರರನ್ನು ಮಷಿನಿನ ಮುಂದೆ ಕರೆದೆ. ಅವಳನ್ನು ದೂರ, ಬಾಗಿಲ ಹತ್ತಿರ ನಿಲ್ಲಲು ಹೇಳಿದೆ. ಪರದೆಯ ಮೇಲಿನ ಸೆಟ್ಟಿಂಗ್ ತೋರಿಸಿ, ಸಾಹುಕಾರರ ಕೈಯಿಂದಲೇ ಮಷಿನ್ ಬಂದ್ ಮಾಡಿಸಿ, ಅವರ ಕೈಯಿಂದಲೇ ಚಾಲೂ ಮಾಡಿಸಿದೆ. ಮಷಿನ್ ಎದ್ದಿತು. ಸೆಟ್ಟಿಂಗ್ ಎಲ್ಲ ಬೇರೆ.

"ಅರೆ!" ಅಂದರು ಸಾಹುಕಾರರು. "ಯಾರೂ ಮುಟ್ಟೇ ಇಲ್ಲಲ್ರಿ?"

"ನೀವು ಮುಟ್ಟೀರಿ. ಈಗ ಹೇಳ್ರಿ, ಅಸಲಿ ಕಾರ್ಡ್ ಎಲ್ಲಿ ಅದ?"

ಅವರು ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನನ್ನು. "ಎಲ್ಲಿರ್ತದ? ಮನ್ಯಾಗ, ಜಗಲಿ ಮ್ಯಾಲ," ಅಂದರು.

"ಮತ್ತ ಇದು?"

"ಇದು ದಿನಾ ಬಳಸಲಿಕ್ಕಿ. ಸುಗ್ಗಿ ಸುರು ಆಗೋ ಮೊದಲ ನಮ್ಮ ಫೋಟೋ ಸ್ಟುಡಿಯೋದವನ ಕಡಿಂದ ಕಾಪಿ ಮಾಡಿಸೇನಿ. ಅಲ್ರಿ, ಖರೇ ಬಂಗಾರ ಯಾರರೆ ದಿನಾ ಸಂತಿಗಿ ಹಾಕ್ಕೊಂಡು ಹೋಗ್ತಾರೇನ್ರಿ? ಅಸಲಿ ಮನ್ಯಾಗ ಭದ್ರ ಇರ್ಲಿ, ಪೂಜಾ ಅದಕ್ಕೇ ಇರ್ಲಿ ಅಂತ ಇಟ್ಟೇನಿ. ಎರಡೂ ಒಂದೇ ಅಲ್ಲೇನು?"

"ಇದನ್ನ ನನಗ ಮೊದಲೇ ಯಾಕ ಹೇಳ್ಲಿಲ್ಲ?"

"ಗುಪ್ತ ಇಡೋ ಮಾತು ಯಾರಿಗಿ ಯಾಕ ಹೇಳ್ಬೇಕ್ರಿ?" ಅಂದರು, ತಪ್ಪು ನನ್ನದೇ ಅನ್ನುವ ಹಾಗೆ.

ಬಾಗಿಲ ಹತ್ತಿರದಿಂದ ಅವಳು ಮುಂದೆ ಬಂದಳು. ಫೋನು ತೆಗೆದು ಫೋಟೋಗಳನ್ನು ಒಂದೊಂದಾಗಿ ಸರಿಸಿದಳು. ಪ್ರತಿ ಸಂಜೆಯ ಸೆಟ್ಟಿಂಗಿನ ಫೋಟೋ, ಪ್ರತಿ ಮುಂಜಾನೆಯ ಸೆಟ್ಟಿಂಗಿನ ಫೋಟೋ. "ನಾ ಏನ್ ತಿಳ್ಕೊಂಡಿದ್ದೆ ಗೊತ್ತದೇನ್ರಿ ಸಾವಕಾರ್ರೆ? ನೀವೇ ಕಾರ್ಡ್ ಮನೀಗಿ ಒಯ್ದು ಕೆಡಸ್ತೀರಿ, ನನ್ನ ಜಾಗಕ್ಕ ನಿಮ್ಮವರಿಗಿ ಯಾರಿಗೋ ತರ್ಲಿಕ್ಕಿ ನೋಡ್ತೀರಿ ಅಂತ. ಅದಕ್ಕೇ ಫೋಟೋ ತಗದಿಟ್ಟೇನಿ." ದನಿ ಗಟ್ಟಿಯಾಗಿಯೇ ಇತ್ತು. ನನಗೆ ನಾಚಿಕೆಯಾಯಿತು.

ಅಸಲಿ ಕಾರ್ಡು ತರಿಸಿದೆವು. ಸಣ್ಣ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ್ದರು. ಬಿಚ್ಚಿ ನೋಡಿದರೆ ಕಾರ್ಡೇ ಕಾಣುತ್ತಿಲ್ಲ, ಬಿಳೀ ವಿಭೂತಿಯ ಬಿಲ್ಲೆ. ಪುಡಿಗೆ ತೀರ್ಥ ಬಿದ್ದು, ತೂತುಗಳೊಳಗೆ ಸುಣ್ಣದಂತೆ ಗಟ್ಟಿಯಾಗಿ ಕೂತಿತ್ತು. ಸೂಜಿ ತೊಗೊಂಡು ಒಂದೊಂದೇ ಬಿಡಿಸಿದೆ, ಸ್ಪಿರಿಟ್ಟಿನಲ್ಲಿ ತೊಳೆದೆ, ಒಣಗಿಸಿದೆ. ಮಷಿನ್ ಅದನ್ನು ಗುರುತೇ ಹಿಡಿಯಲಿಲ್ಲ. ಒಳಗೆಲ್ಲ ಕಿಲುಬು ಹಿಡಿದು ಸತ್ತಿತ್ತು.

"ದೇವರ ಮುಂದ ಇಟ್ಟಿದ್ದೆನಲ್ರಿ," ಅಂದರು ಸಾಹುಕಾರರು, ಎಳೆಮಗುವಿನ ಮುಖ ಮಾಡಿ. ಪಾಪ ಅನ್ನಿಸಿತು. ಆದರೆ ಅವಳ ಕಡೆ ಕಣ್ಣು ಹೋದ ಮೇಲೆ ಆ ಪಾಪ ಉಳಿಯಲಿಲ್ಲ.

ಇನ್ನು ಲಗ್ನದ ಕಾರ್ಡನ್ನೇ ಮನೆಯವನನ್ನಾಗಿ ಮಾಡಬೇಕಿತ್ತು. ಕೆಲವು ಕಾರ್ಡುಗಳೊಳಗೆ ಆ ಒಂದು ಗುರುತನ್ನು ತಿದ್ದಲು ಬರುತ್ತದೆ, ಬಂದು ಹೋಗುವವನು ಅನ್ನುವುದನ್ನು ಅಳಿಸಿ ಇಲ್ಲೇ ಇರುವವನು ಅಂತ ಬರೆಯಬಹುದು. ಈ ಕಾರ್ಡು ಜಪ್ಪಯ್ಯ ಅಂದರೂ ತಿದ್ದಿಸಿಕೊಳ್ಳಲಿಲ್ಲ. ಕೊನೆಗೆ ಎರಡನೆಯ ದಾರಿ ಹಿಡಿದೆ. ಮಷಿನಿಗೂ ಕಾರ್ಡಿಗೂ ನಡುವೆ ಒಂದು ಸಣ್ಣ ಪ್ರೋಗ್ರಾಮು ಕೂಡಿಸಿದೆ. ಮಷಿನ್ ಪ್ರಶ್ನೆ ಕೇಳಿದಾಗ ಕಾರ್ಡು ಬಾಯಿ ತೆಗೆಯುವ ಮೊದಲೇ ಇದು ನಡುವೆ ಬಾಯಿ ಹಾಕಿ, ಇವನು ಇಲ್ಲೇ ಇರುವವನು ಅಂತ ಹೇಳಿಬಿಡುತ್ತದೆ. ಹಸಿ ಸುಳ್ಳು. ಎಲ್ಲವನ್ನೂ ಶಂಕಿಸುವ ನಾನು, ಮಷಿನಿಗೆ ಭರೋಸೆ ಹುಟ್ಟಿಸಲು ಸುಳ್ಳು ಸಾಕ್ಷಿ ಕೂಡಿಸುತ್ತಿದ್ದೆ. ಮಷಿನ್ ಮರುಮಾತಿಲ್ಲದೆ ನಂಬಿತು. 'ಸಿ' ಬಂತು, ಹಿಂದೆಯೇ 'ಡಿ' ಬಂತು.

ಅವಳನ್ನೇ ಕರೆದು ಸೆಟ್ಟಿಂಗ್ ಹಾಕಿಸಿದೆ. ಬಂದ್ ಮಾಡಿ, ಚಾಲೂ ಮಾಡಿ, ಮತ್ತೆ ಬಂದ್ ಮಾಡಿ ನೋಡಿದೆವು. ಒಂದು ಅಂಕಿಯೂ ಅಲುಗಾಡಲಿಲ್ಲ. ಬೇಳೆ ಸುರಿಯಿತು, ಪಿಚಕಾರಿ ಫಟ್ ಫಟ್ ಅಂದಿತು, ಚೀಲಕ್ಕೆ ಬಂಗಾರದ ಬಣ್ಣದ ಬೇಳೆ ಬಿತ್ತು. ಅವಳು ಒಂದು ಹಿಡಿ ಎತ್ತಿ ಅಂಗೈಯಲ್ಲಿ ಹರಡಿ ನೋಡಿದಳು. ನಾನು ಕಾರ್ಡಿನ ಮೇಲಿನ ಮುಚ್ಚಳಕ್ಕೆ ಸ್ಕ್ರೂ ಬಿಗಿದು, "ಇನ್ನ ಇದಕ್ಕ ಕೈ ಹಚ್ಚಬ್ಯಾಡ್ರಿ. ಹಚ್ಚಿದ್ರ ನನಗ ಕರೀಬ್ಯಾಡ್ರಿ," ಅಂತ ಸಾಹುಕಾರರಿಗೆ ಸಿಟ್ಟಿನಲ್ಲೇ ಹೇಳಿದೆ.

ಸಾಹುಕಾರರು ಅವಳನ್ನು 'ಬಾಯಿ' ಅಂತ, ಮರಾಠಿಯಲ್ಲಿ ಅಮ್ಮಾ ಅಂದ ಹಾಗೆ, ಕರೆದರು. "ಆಗಿದ್ದು ಆಗಿ ಹೋಯ್ತು ಬಾಯಿ. ತಪ್ಪು ಮಷಿನಿಂದು. ನೀ ಎಲ್ಲೂ ಹೋಗಬ್ಯಾಡ, ಇಲ್ಲೇ ಇರು."

"ಮಷಿನ್ ನನ್ನ ಚೀಲ ಬಿಚ್ಚಿ ನೋಡಿಲ್ರಿ, ಸಾವಕಾರ್ರೆ," ಅಂದಳು.

ಸಾಹುಕಾರರು ಮಷಿನಿನ ಕಡೆ ತಿರುಗಿದರು. ನಾನೂ ಸ್ಕ್ರೂಡ್ರೈವರು ಚೀಲದಲ್ಲಿಡುವ ನೆಪದಲ್ಲಿ ಬಗ್ಗಿದೆ. ಮಷಿನಿಗೆ ನಡುವೆ ಕೂತು ಹೇಳುವ ಪ್ರೋಗ್ರಾಮು ನನ್ನ ಬಳಿ ಇತ್ತು. ಇವರಿಬ್ಬರ ನಡುವೆ ಕೂಡಿಸಲು ಅಂಥದೊಂದು ನನ್ನ ಚೀಲದಲ್ಲಿ ಇರಲಿಲ್ಲ.

ಆ ಸಂಜೆ ಗೇಟಿನಲ್ಲಿ ಸಾಹುಕಾರರು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಅವಳು ನೇರ ಅವರ ಮುಂದೆ ಬಂದು, ಯಾರೂ ಕೇಳದೆ, ಕೈಚೀಲ ತೆರೆದು ಹಿಡಿದಳು.

"ಬ್ಯಾಡ ಬಾಯಿ," ಅಂದರು.

"ನೋಡ್ರಿ."

"ಬ್ಯಾಡ ಅಂದೆನಲ್ಲ. ನನಗ ಭರೋಸ ಅದ."

"ಇರ್ಲಿ ರೀ. ನೋಡಿಬಿಡ್ರಿ." ಕೆಲಸದವರು ಒಬ್ಬೊಬ್ಬರಾಗಿ ನಿಂತು ನೋಡತೊಡಗಿದರು. ಅವಳು ಕದಲಲಿಲ್ಲ. ಕೊನೆಗೆ ಸಾಹುಕಾರರು ತಲೆ ಬಗ್ಗಿಸಿ ಚೀಲದೊಳಗೆ ನೋಡಿದರು. ಖಾಲಿ ಡಬ್ಬಿ, ಒಂದು ಕರವಸ್ತ್ರ, ಕೋಣೆಯ ಕೀಲಿ. ಅವಳು ಚೀಲ ಮುಚ್ಚಿಕೊಂಡು ಹೋದಳು.

ಕೆಲಸ ಬಿಡಲಿಲ್ಲ ಅವಳು. ಮಗಳ ಕಾಲೇಜು ಇನ್ನೂ ಮುಗಿದಿರಲಿಲ್ಲ. ಮೊನ್ನೆ ಕಾಟಾದ ಕೆಲಸಕ್ಕೆ ಅಂತ ಆ ಮಿಲ್ಲಿಗೆ ಹೋಗಿದ್ದೆ. ಸಾರ್ಟರಿನ ಮುಚ್ಚಳದ ಸ್ಕ್ರೂ ನಾನು ಬಿಗಿದ ಹಾಗೆಯೇ ಇತ್ತು. ನೋಡದೆ ಬಿಡುತ್ತೇನೆಯೇ, ನೋಡಿದೆ. ಸಂಜೆಯಾಗುತ್ತಲೇ ಸಾಹುಕಾರರು ಗಡಿಯಾರ ನೋಡಿ, ಚಪ್ಪಲಿ ಮೆಟ್ಟಿ, ಗೋದಾಮಿನ ಹಿಂದಿನ ಬಾಗಿಲಿನಿಂದ ಮನೆಗೆ ಹೊರಟುಬಿಟ್ಟರು. ಈಗ ದಿನಾ ಆ ಕಡೆಯಿಂದಲೇ ಹೋಗುತ್ತಾರೆ ಅಂತ ಕಾವಲುಗಾರ ಹೇಳಿದ. ಅವಳು ಗೇಟಿನವರೆಗೆ ಬಂದು, ಅವರು ನಿಲ್ಲುತ್ತಿದ್ದ ಜಾಗದ ಎದುರು ನಿಂತು, ಕೈಚೀಲ ತೆರೆದು ಹಿಡಿದಳು. ಅಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ಮುಚ್ಚಿಕೊಂಡು ಹೊರಗೆ ನಡೆದಳು.